ಫೋನ್ ಇಟ್ಟ ಮೇಲೆ, ಬಾಗಿಲು ಬಡಿಯುವ ಮುಂಚೆ

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ, ನಾನು ಹಾಡುತ್ತೇನೆ. ಅಮೆರಿಕದ ಗಾಯಕ ಕ್ರಿಸ್ ಐಸಾಕ್ ಅವರ ‘ವಿಕೆಡ್ ಗೇಮ್’ ಹಾಡು ನಮಗೆಲ್ಲ ತುಂಬಾ ಇಷ್ಟ. ಮೂರೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು), ನುಡಿಸೋದು ಸುಲಭ. ಆದರೆ ನಾವು ಹಾಡಿದರೆ ಆ ನೋವು ಬರೋದೇ ಇಲ್ಲ. ಕೀಬೋರ್ಡ್‌ನಲ್ಲಿ ಶ್ರುತಿ ಹಿಡಿದೆವು. ನಾನು ಆದಷ್ಟು ಅಳು ತುಂಬಿ ಹಾಡಿದೆ. ರೆಕಾರ್ಡಿಂಗ್ ಕಳುಹಿಸಿದ್ದೇನೆ, ಎಲ್ಲಿ ತಪ್ಪುತ್ತಿದ್ದೇವೆ ಹೇಳಿ. ಇನ್ನೊಂದು, ‘ಪ್ರೀತಿಗೆ ಇಷ್ಟು ಹೆದರಿಕೊಂಡು ಹಾಡೋದು ರಾಕ್ ಹೇಗಾಗುತ್ತೆ?’ ಅಂತ ನಮ್ಮ ಡ್ರಮ್ಮರ್ ಕೇಳ್ತಾನೆ. ಇಂಥದ್ದೊಂದು ಹಾಡನ್ನು ಕನ್ನಡದಲ್ಲಿ ಬರೆಯೋ ಆಸೆಯೂ ಇದೆ. ಆಗುತ್ತಾ?

ಉತ್ತರ: ನಿಮ್ಮ ರೆಕಾರ್ಡಿಂಗ್ ಮೂರು ಸಲ ಕೇಳಿದೆ. ಶ್ರುತಿ ಸರಿಯಿದೆ, ಲಯ ಸರಿಯಿದೆ, ನಿಮ್ಮ ಕಂಠ ನನಗೆ ಇಷ್ಟವಾಯಿತು. ಆದರೂ ಹಾಡು ತಟ್ಟುವುದಿಲ್ಲ, ನೀವು ಹೇಳಿದ್ದು ನಿಜ. ಯಾಕೆ ಅನ್ನುವುದಕ್ಕೆ ಸುಳಿವು ನಿಮ್ಮ ಪತ್ರದಲ್ಲೇ ಇದೆ. ‘ಆ ನೋವು ಬರೋದಿಲ್ಲ’ ಅಂತ ಬರೆದಿದ್ದೀರಿ. ಈ ಹಾಡಿನಲ್ಲಿ ನೋವಿಗಿಂತ ಜಾಸ್ತಿ ಇರುವುದು ಭಯ. ನೋವಾದವರು ಅಳುತ್ತಾರೆ. ಹೆದರಿದವರು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ನೀವು ಅತ್ತಿದ್ದೀರಿ.

ಈ ಹಾಡು ಹುಟ್ಟಿದ ಬಗೆಯನ್ನು ಐಸಾಕ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಒಂದು ದಿನ ತಡರಾತ್ರಿ ಹುಡುಗಿಯೊಬ್ಬಳ ಫೋನ್ ಬಂತು. ನಿನ್ನ ಹತ್ತಿರ ಬರ್ತೀನಿ ಅಂದಳು. ಬಂದರೆ ತನ್ನ ಪಾಡು ಏನಾಗುತ್ತದೆ ಅಂತ ಐಸಾಕ್‌ಗೆ ಗೊತ್ತಿತ್ತು. ಆದರೂ ಬೇಡ ಅನ್ನಲಿಲ್ಲ. ಫೋನ್ ಇಟ್ಟರು, ಬರೆಯಲು ಕೂತರು. ಆಕೆ ಬಂದು ತಲುಪುವಷ್ಟರಲ್ಲಿ ಹಾಡು ಮುಗಿದಿತ್ತು.

ಆ ಹೊತ್ತನ್ನು ಸ್ವಲ್ಪ ಯೋಚಿಸಿ ನೋಡಿ. ಫೋನ್ ಇಟ್ಟಾಗಿದೆ. ಬಾಗಿಲು ಇನ್ನೂ ಬಡಿದಿಲ್ಲ. ಏನೂ ಆಗಿಲ್ಲ, ಆದರೆ ಎಲ್ಲ ಆಗಿಹೋದ ಹಾಗೆ ಎದೆ ಹೊಡೆದುಕೊಳ್ಳುತ್ತಿದೆ. ಇಡೀ ಹಾಡು ಆ ಸಂದಿನಲ್ಲೇ ನಿಂತಿದೆ. ಸಾಹಿತ್ಯವನ್ನೂ ಹತ್ತಿರದಿಂದ ನೋಡಿ. ನಿನ್ನಂಥವಳು ಸಿಗುತ್ತಾಳೆ ಅಂತ ಕನಸಲ್ಲೂ ಎಣಿಸಿರಲಿಲ್ಲ ಅನ್ನುವ ಸಾಲು ಬರುತ್ತದೆ. ಮುಂದೆ ಅದೇ ಸಾಲು ಮತ್ತೆ ಬರುತ್ತದೆ, ಬದಲಾಗುವುದು ಒಂದೇ ಪದ. ‘ಸಿಗುತ್ತಾಳೆ’ ಇದ್ದ ಜಾಗಕ್ಕೆ ‘ಕೈ ತಪ್ಪುತ್ತಾಳೆ’ ಬಂದು ಕೂರುತ್ತದೆ. ಉಳಿದ ಮಾತು, ರಾಗ, ಕಾರ್ಡ್ ಎಲ್ಲ ಅವೇ. ಸಿಕ್ಕಿದ್ದಕ್ಕೂ ಕಳೆದುಕೊಂಡಿದ್ದಕ್ಕೂ ನಡುವೆ ಅವನಿಗೆ ಸಮಯವೇ ಸಿಕ್ಕಿಲ್ಲ. ಭಯ ಇರುವವರ ಲೆಕ್ಕ ಹೀಗೇ, ಅಲ್ವಾ? ಕೈಗೆ ಬಂದ ಕ್ಷಣದಿಂದಲೇ ಕಳೆದುಹೋಗುವುದನ್ನು ಎಣಿಸಲು ಶುರು ಮಾಡುತ್ತಾರೆ.

ಈಗ ಕಾರ್ಡ್‌ಗಳಿಗೆ ಬರೋಣ. ನನ್ನ ಪ್ರಕಾರ ಹಾಡಿನ ಜೀವ ಇರುವುದು ಅಲ್ಲಿ. ಮಾತುಗಳಿಗೆ ಎರಡನೇ ಜಾಗ.

ಬಿ ಮೈನರ್ ಒಂದು ಬಾರ್, ಅಂದರೆ ನಾಲ್ಕು ತಟ್ಟು. ಎ ಮೇಜರ್ ಒಂದು ಬಾರ್. ಇ ಮೇಜರ್ ಎರಡು ಬಾರ್. ಇಷ್ಟೇ. ಪಲ್ಲವಿಗೂ ಇದೇ, ಚರಣಕ್ಕೂ ಇದೇ. ನಿಮಿಷಕ್ಕೆ ಸುಮಾರು 112 ತಟ್ಟಿನ ಲಯದಲ್ಲಿ ಒಂದು ಸುತ್ತಿಗೆ ಎಂಟೂವರೆ ಸೆಕೆಂಡ್ ಹಿಡಿಯುತ್ತದೆ. ಸುಮಾರು ನಾಲ್ಕೂಮುಕ್ಕಾಲು ನಿಮಿಷದ ಹಾಡಿನಲ್ಲಿ ಈ ಸುತ್ತು ಮೂವತ್ತಕ್ಕೂ ಹೆಚ್ಚು ಸಲ ತಿರುಗುತ್ತದೆ. ಇಷ್ಟಾದರೂ ಬೇಸರ ಬರುವುದಿಲ್ಲ. ಯಾಕೆಂದರೆ ಅದು ಒಂದು ಸಲವೂ ಮನೆ ಮುಟ್ಟುವುದಿಲ್ಲ.

ಮನೆ ಅಂದರೆ ಷಡ್ಜ, ಸರಿಗಮದ ‘ಸ’. ನೀವು ಚಿಕ್ಕವರಿದ್ದಾಗ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದರೆ ಇದು ಚೆನ್ನಾಗಿ ತಿಳಿಯುತ್ತದೆ. ಈ ಮೂರು ಕಾರ್ಡ್‌ಗಳು ಒಂದೇ ಏಳು ಸ್ವರಗಳ ಮನೆತನದವು. ಅವೇ ಏಳು ಸ್ವರಗಳಿಗೆ ‘ಎ’ಯನ್ನು ಷಡ್ಜ ಮಾಡಿದರೆ ಶಂಕರಾಭರಣ ಆಗುತ್ತದೆ. ‘ಬಿ’ಯನ್ನು ಷಡ್ಜ ಮಾಡಿದರೆ ಖರಹರಪ್ರಿಯ. ‘ಇ’ಯನ್ನು ಮಾಡಿದರೆ ಹರಿಕಾಂಬೋಜಿ. ನಮ್ಮಲ್ಲಿ ಇದಕ್ಕೆ ಗ್ರಹಭೇದ ಅನ್ನುತ್ತಾರೆ. ಕಛೇರಿಯಲ್ಲಿ ವಿದ್ವಾಂಸರು ಆಲಾಪನೆಯ ನಡುವೆ ಷಡ್ಜವನ್ನು ಜರುಗಿಸಿ ಒಂದೆರಡು ನಿಮಿಷ ಬೇರೆ ರಾಗ ತೋರಿಸುತ್ತಾರೆ. ಸಭೆ ತಲೆದೂಗುತ್ತದೆ. ಆಮೇಲೆ ಅವರು ಮರಳಿ ಮೂಲ ಷಡ್ಜಕ್ಕೆ ಬರುತ್ತಾರೆ. ಹಿಂದೆ ತಂಬೂರಿ ಇದ್ದೇ ಇರುತ್ತದಲ್ಲ.

‘ವಿಕೆಡ್ ಗೇಮ್’ನಲ್ಲಿ ಆ ತಂಬೂರಿ ಇಲ್ಲ. ಬಿ ಮೈನರ್ ಬಂದಾಗ ಇದೇ ಮನೆ ಅಂತ ಕಿವಿ ನಂಬುತ್ತದೆ. ಅಷ್ಟರಲ್ಲಿ ಎ ಬರುತ್ತದೆ. ಓಹೋ ಇದಿರಬೇಕು ಅನ್ನುವಷ್ಟರಲ್ಲಿ ಅದೂ ದಾಟಿಹೋಗುತ್ತದೆ. ತಡೆರಹಿತ ಬಸ್ಸಿನಲ್ಲಿ ಕೂತಾಗ ನಿಮ್ಮದೇ ಊರಿನ ಸ್ಟಾಪ್ ಕಿಟಕಿಯಾಚೆ ಸರಿದುಹೋದ ಹಾಗೆ. ಆಮೇಲೆ ಇ ಬರುತ್ತದೆ, ಎರಡು ಬಾರ್ ಪೂರ್ತಿ ಅಲ್ಲೇ ನಿಲ್ಲುತ್ತದೆ. ‘ಎ’ ಮನೆಯಾದರೆ ‘ಇ’ ಅದರ ಪಂಚಮ. ಅಲ್ಲಿ ನಿಂತರೆ, ಇನ್ನೇನು ಮನೆಗೆ ಹೋಗುತ್ತೇವೆ ಅಂತ ಕಿವಿ ಕಾಯುತ್ತದೆ. ನಾಲ್ಕು ಸೆಕೆಂಡಿಗೂ ಮೇಲೆ ಕಾಯುತ್ತದೆ. ಹೋಗುವುದಿಲ್ಲ. ಮತ್ತೆ ಬಿ ಮೈನರ್.

ಆ ಎರಡು ಬಾರ್ ಇದೆಯಲ್ಲ, ಅದೇ ಫೋನ್ ಇಟ್ಟ ಮೇಲಿನ, ಬಾಗಿಲು ಬಡಿಯುವ ಮುಂಚಿನ ಹೊತ್ತು. ಮಾತು ಬರುವ ಮೊದಲೇ ಭಯ ಅಲ್ಲಿ ಬಂದು ಕೂತಿದೆ. ಇಂಗ್ಲಿಷ್ ಒಂದಕ್ಷರ ಬಾರದವರಿಗೂ ಈ ಹಾಡು ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನನ್ನ ಅತ್ತೆಗೆ ಒಮ್ಮೆ ಕೇಳಿಸಿದ್ದೆ. ‘ಯಾರಿಗೋ ಕಾಯ್ತಾ ಇದಾನೆ ಪಾಪ’ ಅಂದರು.

ನೀವು ಏನು ಮಾಡಿದ್ದೀರಿ? ಕೀಬೋರ್ಡ್‌ನಲ್ಲಿ ಮೊದಲಿಂದ ಕೊನೆಯವರೆಗೂ ‘ಬಿ’ ಹಿಡಿದಿದ್ದೀರಿ. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದೀರಿ, ಗೊತ್ತು. ನಮ್ಮ ಕಿವಿಗೆ ಶ್ರುತಿ ಇಲ್ಲದೆ ಹಾಡುವುದು ಅಂದರೆ ಚಪ್ಪಲಿ ಇಲ್ಲದೆ ಬೀದಿಗೆ ಇಳಿದ ಹಾಗೆ. ಆದರೆ ಆ ಶ್ರುತಿ ಬಂದ ತಕ್ಷಣ ಮನೆಯ ವಿಳಾಸ ಸಿಕ್ಕಿಬಿಟ್ಟಿತು. ಹಾಡು ತೆಪ್ಪಗೆ ಖರಹರಪ್ರಿಯವಾಗಿ ಕೂತಿತು. ಕೇಳಲು ಚೆಂದವಾಗಿದೆ, ಆದರೆ ಹೆದರಿಕೆ ಹೋಯಿತು. ಅದರ ಮೇಲೆ ಕೊನೆಯಲ್ಲಿ ಎ ಮೇಜರ್ ಮೇಲೆ ಬಂದು ನಿಲ್ಲಿಸಿದ್ದೀರಿ. ಅಲ್ಲಿ ನಿಮ್ಮ ಗಿಟಾರ್ ಹುಡುಗ ತೃಪ್ತಿಯಿಂದ ಒಂದು ಉದ್ದ ಸ್ಟ್ರಮ್ ಎಳೆದಿದ್ದಾನೆ. ಹಾಡು ಮನೆ ಸೇರಿ ಬಾಗಿಲು ಹಾಕಿಕೊಂಡಿತು. ಕೀಬೋರ್ಡ್ ತೆಗೆಯಿರಿ. ‘ಇ’ ಮೇಲೆ ನಿಲ್ಲಿಸಿ, ತಂತಿ ತಾನಾಗಿ ಆರುವವರೆಗೆ ಯಾರೂ ಕೈ ಹಾಕಬೇಡಿ. ಇಷ್ಟು ಬದಲಾದರೆ ಅರ್ಧ ಕೆಲಸ ಆಯಿತು.

ಇನ್ನು ಗಿಟಾರ್. ಶುರುವಿನಲ್ಲಿ ಬರುವ ಆ ತೇಲುವ ಸ್ವರಗಳನ್ನು ನುಡಿಸಿದವರು ಜೇಮ್ಸ್ ಕ್ಯಾಲ್ವಿನ್ ವಿಲ್ಸಿ. ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್, ಅದಕ್ಕೆ ಧಾರಾಳವಾಗಿ ರಿವರ್ಬ್, ಅಂದರೆ ಖಾಲಿ ಹಾಲಿನಲ್ಲಿ ನುಡಿಸಿದಂಥ ಅನುರಣನ. ಗುಟ್ಟಿರುವುದು ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್‌ಗೆ ಸಿಕ್ಕಿಸಿರುವ ಆ ಲೋಹದ ಕಡ್ಡಿಯಲ್ಲಿ, ಅಂದರೆ ವ್ಯಾಮಿ ಬಾರ್‌ನಲ್ಲಿ. ಅದನ್ನು ಒತ್ತಿದರೆ ಬ್ರಿಡ್ಜ್ ವಾಲುತ್ತದೆ, ತಂತಿಗಳು ಸಡಿಲವಾಗುತ್ತವೆ, ಸ್ವರ ಕೆಳಗೆ ಜಾರುತ್ತದೆ. ಬಿಟ್ಟರೆ ಮರಳಿ ಮೇಲೆ ಬರುತ್ತದೆ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಮೆಟ್ಟಿಲಿನಿಂದ ಮೇಲಕ್ಕೇ ಹೋಗುತ್ತದೆ, ಕೆಳಗೆ ಹೋಗುವುದಿಲ್ಲ. ಇಲ್ಲಿ ಉಲ್ಟಾ. ಸ್ವರ ಮುಗ್ಗರಿಸುತ್ತದೆ, ಸಾವರಿಸಿಕೊಳ್ಳುತ್ತದೆ. ಮಾತಾಡುತ್ತಾ ಇದ್ದವರ ಗಂಟಲು ಅರೆಕ್ಷಣ ಕಟ್ಟಿ ಬಿಟ್ಟ ಹಾಗೆ.

ನಿಮ್ಮ ಗಿಟಾರಿಸ್ಟ್ ಬಾರ್ ಬಿಚ್ಚಿಟ್ಟಿದ್ದಾನೆ ಅಂತ ಕಾಣುತ್ತದೆ. ಅವನು ಬೆರಳಿನಿಂದ ತಂತಿ ಎಳೆಯುವುದು ಕೇಳಿಸುತ್ತಿದೆ. ಟ್ಯೂನಿಂಗ್ ಹಾಳಾಗುತ್ತದೆ ಅಂತ ನಮ್ಮ ಕಡೆ ಬಹಳ ಜನ ಹೀಗೇ ಬಿಚ್ಚಿಟ್ಟು ಡ್ರಾಯರ್‌ಗೆ ಹಾಕಿರುತ್ತಾರೆ. ಒಂದು ಸಣ್ಣ ಉಪಾಯ ಹೇಳುತ್ತೇನೆ. ಹೆಡ್ ಹತ್ತಿರ ತಂತಿಗಳು ಕೂರುವ ನಟ್‌ನಲ್ಲಿ ಸಣ್ಣ ಕಚ್ಚುಗಳು ಇರುತ್ತವಲ್ಲ, ತಂತಿ ಅಲ್ಲಿ ಸಿಕ್ಕಿಕೊಂಡರೆ ಮರಳಿ ಸರಿ ಜಾಗಕ್ಕೆ ಬರುವುದಿಲ್ಲ. ಹೊಸ ತಂತಿ ಹಾಕುವಾಗ ಆ ಕಚ್ಚುಗಳಲ್ಲಿ ಪೆನ್ಸಿಲ್ ಸೀಸ ಚೆನ್ನಾಗಿ ತಿಕ್ಕಿ. ತಂತಿ ನುಣ್ಣಗೆ ಜಾರುತ್ತದೆ. ಬಾರ್ ಅನ್ನು ಜೋರಾಗಿ ಒತ್ತುವುದೂ ಬೇಡ. ಅಂಗೈಯನ್ನು ಸುಮ್ನೆ ಅದರ ಮೇಲೆ ಇಟ್ಟು, ಸ್ವರ ಮೀಟಿದ ಮೇಲೆ ಒಂದಿಷ್ಟೇ ಭಾರ ಬಿಡಬೇಕು. ಆಮೇಲೆ ಬಿ ಮೈನರ್‌ಗೆ ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತುವ ಬಾರೆ ಹಿಡಿತದಲ್ಲಿ ಆರೂ ತಂತಿ ಬಾರಿಸುವ ಚಟ ಬಿಡಲಿ. ಆ ಹಾಡಿನಲ್ಲಿ ಖಾಲಿ ಜಾಗ ಜಾಸ್ತಿ. ಖಾಲಿ ಇದ್ದರೆ ತಾನೇ ಭಯ ಓಡಾಡುವುದು.

ನಿಮ್ಮ ಡ್ರಮ್ಮರ್ ಪ್ರಶ್ನೆಗೆ ಉತ್ತರವೂ ಇದೇ ವಿಲ್ಸಿ ಅವರಿಂದ ಶುರುವಾಗಲಿ. ಐಸಾಕ್ ಜೊತೆ ಸೇರುವ ಮುಂಚೆ ಅವರು ಸ್ಯಾನ್ ಫ್ರಾನ್ಸಿಸ್ಕೋದ ‘ದಿ ಅವೆಂಜರ್ಸ್’ ಎಂಬ ಪಂಕ್ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದರು. 1978ರ ಜನವರಿಯಲ್ಲಿ ಇಂಗ್ಲೆಂಡಿನ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಅದೇ ಊರಿನ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ಹಾಡಿ ಚದುರಿಹೋಯಿತಲ್ಲ, ಅವತ್ತು ಅವರಿಗಿಂತ ಮುಂಚೆ ವೇದಿಕೆ ಹತ್ತಿದವರಲ್ಲಿ ಅವೆಂಜರ್ಸ್ ಕೂಡ ಇದ್ದರು. ಪಂಕ್‌ನಷ್ಟು ಗದ್ದಲದ ಸಂಗೀತ ಕಡಿಮೆ. ಅಲ್ಲಿಂದ ಬಂದ ಕೈ ಇದು. ಜೋರು ಮಾಡುವುದು ಹೇಗೆ ಅಂತ ಪೂರ್ತಿ ಗೊತ್ತಿದ್ದವರು ಇಲ್ಲಿ ಇಷ್ಟು ಮೆತ್ತಗೆ ನುಡಿಸಿದ್ದಾರೆ. ವಿಲ್ಸಿ 2018ರಲ್ಲಿ ತೀರಿಕೊಂಡರು. ಜಗತ್ತಿನ ಯಾವ ಗಿಟಾರ್ ಅಂಗಡಿಗೆ ಹೋದರೂ ಯಾರೋ ಒಬ್ಬರು ಅವರ ಆ ಶುರುವಿನ ಸ್ವರಗಳನ್ನು ನುಡಿಸಿ ನೋಡುತ್ತಿರುತ್ತಾರೆ.

ರಾಕ್‌ನಲ್ಲಿ ಗಂಡಸು ಹೆದರಿದ್ದು ಇದೇ ಮೊದಲೂ ಅಲ್ಲ. ನಿಮ್ಮ ಡ್ರಮ್ಮರ್‌ಗೆ ಅಮೆರಿಕದ ಗಾಯಕ ರಾಯ್ ಆರ್ಬಿಸನ್ ಅವರ ‘ರನ್ನಿಂಗ್ ಸ್ಕೇರ್ಡ್’ ಕೇಳಿಸಿ. 1961ರದು. ಹೆಸರಲ್ಲೇ ಹೆದರಿಕೆ ಇದೆ. ತನ್ನ ಹುಡುಗಿಯ ಹಳೆಯ ಪ್ರೇಮಿ ಎಲ್ಲಿ ಮರಳಿ ಬಂದುಬಿಡುತ್ತಾನೋ, ಬಂದರೆ ಅವಳು ಯಾರ ಕಡೆ ಹೋಗುತ್ತಾಳೋ ಎಂಬ ದಿಗಿಲು. ಹಾಡಿಗೆ ಪಲ್ಲವಿಯೇ ಇಲ್ಲ. ಮೆಲ್ಲಗೆ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗುತ್ತದೆ. ಹಿಂದೆ ಬೊಲೆರೊ ಲಯ, ಮೆರವಣಿಗೆ ಹತ್ತಿರ ಬಂದ ಹಾಗೆ. ಕೊನೆಯ ಸಾಲಿನವರೆಗೂ ಏನಾಗುತ್ತದೆ ಅಂತ ಗೊತ್ತಾಗುವುದಿಲ್ಲ. ಕೊನೆಯಲ್ಲಿ ಅವಳು ಇವನ ಜೊತೆಗೇ ನಡೆಯುತ್ತಾಳೆ, ಅಲ್ಲಿ ಆರ್ಬಿಸನ್ ಮೇಲಿನ ‘ಎ’ ಸ್ವರವನ್ನು ತುಂಬುಕಂಠದಲ್ಲಿ ಹಿಡಿಯುತ್ತಾರೆ. ಕೂದಲು ನಿಮಿರುತ್ತದೆ. ಆ ವರ್ಷ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಐಸಾಕ್ ಅವರ ಹಾಡುಗಾರಿಕೆ ಕೇಳಿದವರಿಗೆಲ್ಲ ಆರ್ಬಿಸನ್ ನೆನಪಾಗುವುದು ಸುಮ್ನೆ ಅಲ್ಲ.

ಇನ್ನೂ ನಂಬದಿದ್ದರೆ ಫಿನ್ಲೆಂಡಿನ ‘ಹಿಮ್’ ಬ್ಯಾಂಡ್ 1996ರಲ್ಲಿ ಇದೇ ‘ವಿಕೆಡ್ ಗೇಮ್’ ಹಾಡಿದ್ದನ್ನು ಹಾಕಿ. ಡಿಸ್ಟಾರ್ಷನ್ ಗಿಟಾರ್, ಭಾರಿ ಡ್ರಮ್. ಹಾಡು ಅಲ್ಲೂ ನಿಲ್ಲುತ್ತದೆ. ನನಗೆ ಮೂಲವೇ ಹೆಚ್ಚು ಇಷ್ಟ. ಆದರೆ ಡ್ರಮ್ಮರ್‌ಗಳಿಗೆ ಇದು ಹಿಡಿಸುತ್ತದೆ.

ಈ ಹಾಡು ಜನರ ಕಿವಿಗೆ ಬಿದ್ದಿದ್ದೂ ತಡವಾಗಿ. ಆಲ್ಬಮ್ ಬಂದಿದ್ದು 1989ರಲ್ಲಿ, ಆಗ ಹೆಚ್ಚು ಸದ್ದಾಗಲಿಲ್ಲ. 1990ರಲ್ಲಿ ಡೇವಿಡ್ ಲಿಂಚ್ ತಮ್ಮ ‘ವೈಲ್ಡ್ ಅಟ್ ಹಾರ್ಟ್’ ಸಿನಿಮಾದಲ್ಲಿ ಅದರ ವಾದ್ಯದ ಭಾಗ ಬಳಸಿದರು. ಅದನ್ನು ಕೇಳಿದ ಅಟ್ಲಾಂಟಾದ ರೇಡಿಯೊ ಸ್ಟೇಷನ್ ಒಂದು ಹಾಡನ್ನು ಪದೇ ಪದೇ ಹಾಕಿತು. 1991ರಲ್ಲಿ ಬಿಲ್‌ಬೋರ್ಡ್‌ನಲ್ಲಿ ಆರನೇ ಸ್ಥಾನ. ಹರ್ಬ್ ರಿಟ್ಸ್ ಹವಾಯಿಯ ಕಡಲ ತೀರದಲ್ಲಿ ತೆಗೆದ ಕಪ್ಪು ಬಿಳುಪು ವಿಡಿಯೊ ಬಹಳ ಹೆಸರು ಮಾಡಿತು, ಪ್ರಶಸ್ತಿಗಳೂ ಬಂದವು. ಆದರೆ ಅಭ್ಯಾಸಕ್ಕೆ ಕೂತಾಗ ಅದನ್ನು ನೋಡಬೇಡಿ. ಅಲ್ಲಿ ಇಬ್ಬರೂ ಅಪ್ಪಿಕೊಂಡು ಮರಳಲ್ಲಿ ಹೊರಳುತ್ತಾರೆ, ಹಾಡಿನಲ್ಲಿ ಅವನು ಒಬ್ಬನೇ ಇದ್ದಾನೆ. ಕಣ್ಣು ಮುಚ್ಚಿ ಕೇಳಿ.

ಈಗ ನಿಮ್ಮ ಗಂಟಲು. ಪಲ್ಲವಿ ಶುರುವಾಗುವುದು ‘ನೋ’ ಎಂಬ ಮಾತಿನಿಂದ. ಅದು ಕೆಳಗೆ, ಎದೆಯ ದನಿಯಲ್ಲಿದೆ. ಅದರ ಹಿಂದೆಯೇ ‘ಐ’ ಬರುತ್ತದೆ, ಅಂದರೆ ‘ನಾನು’. ಅಲ್ಲಿ ದನಿ ಸೀಳಿ ಮೇಲೆ ಹಾರುತ್ತದೆ, ಫಾಲ್ಸೆಟ್ಟೊ ಆಗುತ್ತದೆ. ನನ್ನ ಸಂಗೀತದ ಟೀಚರ್ ಇದಕ್ಕೆ ಕಳ್ಳದನಿ ಅನ್ನುತ್ತಿದ್ದರು, ಆ ದನಿಯಲ್ಲಿ ಹಾಡಲು ಬಿಡುತ್ತಿರಲಿಲ್ಲ. ಕೃತಿಗೆ ಅದು ತಪ್ಪೇ. ಇಲ್ಲಿ ಅದೇ ಬೇಕು. ‘ಬೇಡ’ ಅನ್ನುವಾಗ ದನಿ ಗಟ್ಟಿಯಿದೆ. ‘ನಾನು’ ಅನ್ನುವಾಗ ಗಟ್ಟಿತನ ಜಾರಿತು. ನಿರ್ಧಾರ ಗಟ್ಟಿ, ನಿರ್ಧಾರ ಮಾಡಿದವನು ಗಟ್ಟಿಯಿಲ್ಲ. ನೀವು ಆ ಜಾಗವನ್ನು ತುಂಬುಕಂಠದಲ್ಲಿ ಹಾಡಿದ್ದೀರಿ. ನಿಮ್ಮ ಕಂಠಕ್ಕೆ ಅದು ಸಾಧ್ಯ ಅಂತ ಗೊತ್ತಾಯಿತು, ಆದರೆ ಹೆದರಿದವರ ಹಾಗೆ ಕೇಳಿಸಲಿಲ್ಲ. ದನಿ ಅಲ್ಲಿ ಒಡೆಯಲಿ. ಮೈಕ್ ಹತ್ತಿರ ತಂದುಕೊಳ್ಳಿ, ಚರಣಗಳನ್ನು ಮಾತಾಡುವಷ್ಟೇ ಮೆತ್ತಗೆ ಹೇಳಿ. ಅಳು ಬೇಡವೇ ಬೇಡ.

ಪಲ್ಲವಿಯಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ಪ್ರೀತಿಯಲ್ಲಿ ಬೀಳೋದು ಬೇಡ ಅಂತ ಅವನು ಹೇಳುತ್ತಾನೆ. ಹಿಂದಿನ ದನಿಗಳು, ಈ ಲೋಕ ನಿನ್ನ ಎದೆ ಒಡೆಯುತ್ತದೆ ಅಂತ ಎಚ್ಚರಿಸುತ್ತವೆ. ಇದು ಎರಡು ಸಲ ಆಗುತ್ತದೆ. ಆಮೇಲೆ, ಮಾತು ಮುಗಿಯಿತು ಅಂದುಕೊಂಡಾಗ, ‘ನಿನ್ನ ಜೊತೆ’ ಎಂಬ ಎರಡು ಪದ ತಡವಾಗಿ ಬಂದು ಸೇರುತ್ತದೆ. ಅಲ್ಲಿಯವರೆಗೆ ಪ್ರೀತಿಯೇ ಬೇಡ ಅನ್ನುತ್ತಿದ್ದವನು ಈಗ ಯಾರ ಪ್ರೀತಿಗೆ ಹೆದರಿದ್ದಾನೆ ಅಂತ ಒಪ್ಪಿಕೊಂಡುಬಿಟ್ಟ. ನೀವು ಅದನ್ನು ಹಿಂದಿನ ಸಾಲಿಗೆ ಅಂಟಿಸಿ ಹಾಡಿದ್ದೀರಿ. ಬಿಡಿಸಿ. ಕಾಯಿಸಿ. ಬಾಯಿ ತಪ್ಪಿ ಬಂದ ಹಾಗೆ ಬರಲಿ.

ಕೊನೆಯದಾಗಿ ಕನ್ನಡದ ಹಾಡು. ಆಗುತ್ತಾ ಅಂತ ಕೇಳಿದ್ದೀರಿ. ಈ ಭಾವಕ್ಕೆ ನಮ್ಮ ಭಾಷೆ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲೂ ನಿಮ್ಮ ಹುಬ್ಬಳ್ಳಿ ಕಡೆಯ ಕನ್ನಡ.

ನೀವು ದಿನಾ ಆಡುವ ಒಂದು ಮಾತು ‘ಒಲ್ಲೆ’. ಚಹಾ ಒಲ್ಲೆ, ಊಟ ಒಲ್ಲೆ, ಬರಲು ಒಲ್ಲೆ. ಮೈಸೂರು ಕಡೆಯವರ ಬಾಯಲ್ಲಿ ಇದು ಕಡಿಮೆ, ಅವರು ‘ಬೇಡ’ ಅನ್ನುತ್ತಾರೆ. ಆದರೆ ‘ಒಲ್ಲೆ’ ಎಲ್ಲಿಂದ ಬಂತು? ಒಲವು, ಒಲಿ, ಒಲ್ಲೆ ಎಲ್ಲ ಒಂದೇ ಬೇರಿನವು. ನನಗೆ ಬೇಡ ಅನ್ನುವ ಮಾತಿನ ಹೊಟ್ಟೆಯಲ್ಲೇ ಒಲವು ಕೂತಿದೆ. ಐಸಾಕ್‌ಗೆ ಅದೇ ಮಾತು ಹೇಳಲು ಒಂದು ಇಡೀ ಸಾಲು ಬೇಕಾಯಿತು. ನಿಮಗೆ ಒಂದೇ ಪದ ಸಾಕು. ಹಾಡಲೂ ಎಷ್ಟು ಚೆಂದ ನೋಡಿ. ಮೊದಲಕ್ಷರ ‘ಒ’, ದುಂಡಗೆ ತೆರೆಯುತ್ತದೆ. ನಡುವೆ ಒತ್ತಕ್ಷರ, ಅಲ್ಲಿ ದನಿ ತಡವರಿಸುತ್ತದೆ. ಕೊನೆಗೆ ‘ಎ’, ಎಷ್ಟು ಬೇಕಾದರೂ ಎಳೆಯಬಹುದು. ದನಿ ಒಡೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ‘ನಾನು’ ಬದಲು ‘ನಾ’ ಇಟ್ಟುಕೊಳ್ಳಿ. ‘ನಾನು’ ಕೊನೆಯ ಉಕಾರದಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ, ‘ನಾ’ ತೆರೆದೇ ಇರುತ್ತದೆ.

ಇನ್ನೊಂದು ಅನುಕೂಲವೂ ಇದೆ. ಇಂಗ್ಲಿಷಿನಲ್ಲಿ ‘ಬೇಡ’ ಮೊದಲು ಬರುತ್ತದೆ, ಪ್ರೀತಿ ಆಮೇಲೆ. ನಮ್ಮಲ್ಲಿ ಪ್ರೀತಿ ಮೊದಲು, ‘ಒಲ್ಲೆ’ ವಾಕ್ಯದ ಕೊನೆಗೆ. ‘ನಿನ್ನ ಪ್ರೀತಿ...’ ಅಂತ ಹಾಡಿ ‘ಇ’ ಕಾರ್ಡ್ ಮೇಲೆ ನಿಲ್ಲಿಸಿ ನೋಡಿ. ಕೇಳುವವರಿಗೆ ಇನ್ನೂ ಗೊತ್ತಿಲ್ಲ, ಮುಂದೆ ‘ಬೇಕು’ ಬರುತ್ತದೋ ‘ಒಲ್ಲೆ’ ಬರುತ್ತದೋ. ಆ ಎರಡು ಬಾರ್ ಪೂರ್ತಿ ಅವರೂ ನಿಮ್ಮ ಜೊತೆ ಕಾಯುತ್ತಾರೆ.

ಸಾಹಿತ್ಯದಲ್ಲಿ ಹೃದಯ ಚೂರಾಯಿತು, ಗಾಯವಾಯಿತು ಅನ್ನುವ ಮಾತು ಬೇಡ. ಅವು ಆಗಿಹೋದದ್ದರ ಮಾತು. ಭಯಕ್ಕೆ ನಮ್ಮ ಹತ್ತಿರ ಬೇರೆಯೇ ಮಾತುಗಳಿವೆ. ಎದೆ ಝಲ್ ಅಂತು, ಕೈಕಾಲು ಆಡಲಿಲ್ಲ, ಬಾಯಿ ಒಣಗಿತು. ಅವನ್ನು ಬಳಸಿ. ಆಮೇಲೆ ನಿಮ್ಮದೇ ಒಂದು ಸಂದು ಹುಡುಕಿಕೊಳ್ಳಿ. ಫೋನಿಗೂ ಬಾಗಿಲಿಗೂ ನಡುವೆ ಐಸಾಕ್‌ಗೆ ಸಿಕ್ಕಿತು. ನಿಮ್ಮ ಕಾಲದವರಿಗೆ ‘ಟೈಪಿಂಗ್’ ಅಂತ ಬಂದು, ಏನೂ ಬರದೆ ಅಳಿಸಿಹೋಗುವ ಹೊತ್ತು ಇರಬಹುದು. ರೈಲು ಬಂದು ನಿಂತ ಮೇಲೆ, ಅವಳು ಇಳಿದಳೋ ಇಲ್ಲವೋ ಅಂತ ಬೋಗಿ ಬೋಗಿ ನೋಡುವ ಹೊತ್ತು ಇರಬಹುದು. ನಿಮಗೆ ಮೈಮೇಲೆ ಬಂದು ಗೊತ್ತಿರುವುದನ್ನೇ ಬರೆಯಿರಿ. ಆ ಹೊತ್ತಿನಿಂದ ಆಚೆ ಹೋಗಬೇಡಿ. ಅವಳು ಇಳಿದಳೋ ಇಲ್ಲವೋ, ಅದನ್ನು ಹಾಡಿನಲ್ಲಿ ಹೇಳಬೇಕಾಗಿಲ್ಲ.

ಮೊದಲು ‘ವಿಕೆಡ್ ಗೇಮ್’ ಅನ್ನೇ ಇನ್ನೊಮ್ಮೆ ಹಾಡಿ. ಕೀಬೋರ್ಡ್‌ನ ಪ್ಲಗ್ ತೆಗೆದಿಡಿ, ಒಂದು ಗಿಟಾರ್ ಸಾಕು, ಡ್ರಮ್ಮರ್ ಬ್ರಷ್ ಹಿಡಿಯಲಿ. ರಾತ್ರಿ ಹಾಡಿದರೆ ಒಳ್ಳೆಯದು, ಅಕ್ಕಪಕ್ಕದವರಿಗೆ ಕೇಳಿಸಬಾರದು ಅನ್ನುವಷ್ಟು ಮೆತ್ತಗೆ. ಫೋನಿನಲ್ಲೇ ರೆಕಾರ್ಡ್ ಮಾಡಿ ಕಳುಹಿಸಿ. ‘ಒಲ್ಲೆ’ ಇಟ್ಟು ಎರಡು ಸಾಲು ಬರೆದರೆ ಅದನ್ನೂ ಜೊತೆಗೆ ಹಾಕಿ, ರಾಗ ಕೂಡಿರದಿದ್ದರೂ ಪರವಾಗಿಲ್ಲ.